ಪರಮಾನಂದ ನವಿಲು ಕುಣಿಸಿದ್ದು

ಸಿಂದಗಿಯ ಪರಮಾನಂದ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಜನ ತಾವಾಗಿಯೇ ತಪ್ಪು ತಿಳಿದುಕೊಂಡರೆ ಅದನ್ನು ತಿದ್ದಲು ಹೋಗುವ ಮನುಷ್ಯನೂ ಅಲ್ಲ. ಅವನು ಪಟ್ಟ ಫಜೀತಿಗೆಲ್ಲ ಈ ಎರಡನೆಯ ಗುಣವೇ ಕಾರಣ.

ವಿಜಾಪುರ ರಸ್ತೆಯಲ್ಲಿದ್ದ ಶ್ರೀಶೈಲಪ್ಪ ಸಾವಕಾರರ ಮಂಗಲ ಕಾರ್ಯಾಲಯದಲ್ಲಿ ಅವನು ಹದಿನೆಂಟು ವರ್ಷದಿಂದ ಲೈಟಿನ ಕೆಲಸಕ್ಕಿದ್ದ. ಮದುವೆಯ ದಿನ ಕಟ್ಟಡದ ಮುಖಕ್ಕೆ ಬಣ್ಣದ ಬಲ್ಬಿನ ಸರ ಇಳಿಬಿಡುತ್ತಿದ್ದ. ಕಟ್ಟಿಗೆಯ ಉರುಳೆಗೆ ತಾಮ್ರದ ಪಟ್ಟಿ ಬಡಿದು, ಅದನ್ನು ಹಳೆಯ ಟೇಬಲ್ ಫ್ಯಾನಿನ ಮೋಟಾರಿನಿಂದ ತಿರುಗಿಸಿ ಆ ದೀಪಗಳನ್ನು ಓಡಿಸುತ್ತಿದ್ದ. ಮೋಟಾರು ಸೋತರೆ ಕೈಯಿಂದಲೇ ತಿರುಗಿಸುತ್ತಿದ್ದ. ಆಗ ಶಾಕ್ ಹೊಡೆದು ಅವನು “ಯಪ್ಪಾ!” ಎಂದು ಕೂಗಿದರೆ, ಕರೆಂಟು ಇದೆಯೆಂಬುದು ಹಿಂದಿನ ಅಡುಗೆಮನೆಯವರಿಗೂ ತಿಳಿಯುತ್ತಿತ್ತು.

2009ರ ಫೆಬ್ರುವರಿಯಲ್ಲಿ ಸಾವಕಾರರು ಸೊಲ್ಲಾಪುರದ ಒಂದು ಮದುವೆಗೆ ಹೋಗಿ ಬಂದರು. ಬರುವಾಗ ‘ಪಿಕ್ಸಲ್ ಲೈಟು’ ಎಂಬ ಹೊಸ ಮಾತನ್ನು ತಂದರು. ಆ ಮಾತಿನ ಬೆನ್ನಿಗೇ ಅಮೀನುದ್ದೀನ ಎಂಬ ಮೆಕ್ಯಾನಿಕ್ ಸೊಲ್ಲಾಪುರದಿಂದ ಬಂದಿಳಿದ. ಅವನು ನಾಲ್ಕು ದಿನ ನಿಚ್ಚಣಿಕೆ ಹತ್ತಿ ಇಳಿದು, ಕಾರ್ಯಾಲಯದ ಮುಂದಿನ ಗೋಡೆಗೆ ಅಂಗಿಯ ಗುಂಡಿಯಂಥ ಎರಡು ಸಾವಿರದ ನಲವತ್ತೆಂಟು ದೀಪಗಳನ್ನು ಸಾಲಾಗಿ ಕೂಡಿಸಿದ. ಎಲ್ಲ ತಂತಿಗಳೂ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಹೋಗಿ, ಊಟದ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆಯಲ್ಲಿ ಸೇರಿದವು.

“ಇದನ್ನ ನಡಸೋರು ಯಾರು?” ಎಂದು ಪರಮಾನಂದ ಕೇಳಿದ.

“ಯಾರೂ ಬ್ಯಾಡ ಕಾಕಾ. ಇದರಾಗ ಒಂದು ಕಾರ್ಡ್ ಐತಿ. ನವಿಲು, ಕಮಲ, ಗಿಳಿ ಎಲ್ಲಾ ಅದರಾಗ ತುಂಬೇನಿ. ಸ್ವಿಚ್ ಹಾಕಿದ್ರ ತಾನ ಒಂದರ ಮ್ಯಾಲೊಂದು ತೋರಸ್ಕೋತ ಹೊಕ್ಕೈತಿ.”

“ಕಂಪ್ಯೂಟರ್ ಬೇಕಲ್ಲೋ?”

“ಅದೂ ಬ್ಯಾಡ್ರಿ. ಇದು ಒಬ್ಬಂಟಿ ಪೆಟ್ಟಿಗಿ.”

“ಮತ್ತ ನಾ ಏನ್ ಮಾಡ್ಲಿ?”

ಅಮೀನುದ್ದೀನ ಸ್ವಲ್ಪ ಯೋಚಿಸಿದ. “ನೀವು ಈ ಹಸರು ಲೈಟ್ ನೋಡ್ಕೋತ ಇರ್ರಿ. ಮಿಣಿಮಿಣಿ ಅಂತಂದ್ರ ಬರೋಬ್ಬರಿ ನಡದೈತಿ ಅಂತ ತಿಳೀರಿ. ಕೆಂಪು ಹತ್ತಿದ್ರ ನನಗ ಫೋನ್ ಹಚ್ಚರಿ.”

ಪಕ್ಕದಲ್ಲೇ ನಿಂತಿದ್ದ ಸಾವಕಾರರು, “ಹಂಗಾರ ನಮ್ಮ ಪರಮಾನಂದನ ಕೆಲಸ ಹಗರಾತಲ್ಲ!” ಎಂದು ನಕ್ಕರು. ಆ ನಗು ಪರಮಾನಂದನಿಗೆ ಒಗ್ಗಲಿಲ್ಲ. ಕೆಲಸ ಹಗುರಾದವನ ಕೆಲಸ ಹಾರಿಹೋಗುವುದಕ್ಕೆ ದೊಡ್ಡ ಗಾಳಿಯೇನೂ ಬೇಕಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮೊದಲ ದಿನ ಸಂಜೆ ಸ್ವಿಚ್ ಹಾಕಿದಾಗ ರಸ್ತೆಯಲ್ಲಿ ಜಾತ್ರೆಯೇ ನೆರೆಯಿತು. ಗೋಡೆಯ ಮೇಲೆ ನೀಲಿ ನವಿಲೊಂದು ಗರಿ ಬಿಚ್ಚಿ, ಎಡಕ್ಕೆ ಕತ್ತು ಹೊರಳಿಸಿ ಕುಣಿಯಿತು. ಪರಮಾನಂದ ಸ್ವಿಚ್ ಹಾಕಿದವನೇ ಹೊರಗೆ ಬಂದು ಜನರ ನಡುವೆ ನಿಂತಿದ್ದ. ಅವನ ಕೈಯಲ್ಲಿ ಮನೆಯ ಟಿವಿಯ ರಿಮೋಟು ಇತ್ತು. ಅದಕ್ಕೆ ಹೊಸ ಸೆಲ್ಲು ಹಾಕಿಸಿಕೊಂಡು ಬರಲು ಹೆಂಡತಿ ಬೆಳಿಗ್ಗೆಯೇ ಕಳಿಸಿದ್ದಳು. ಸೆಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅವನು ಕೆಂಪು ಗುಂಡಿ ಒತ್ತಿದ. ಅದೇ ಕ್ಷಣಕ್ಕೆ ಗೋಡೆಯ ನವಿಲು ಕರಗಿ ಕಮಲ ಅರಳಿತು.

ಎದುರಿಗೆ ಚಹಾದ ಅಂಗಡಿ ಇಟ್ಟಿದ್ದ ಮುರ್ತುಜಾಸಾಬ ಅದನ್ನು ನೋಡಿದ. ಕೈ ನೋಡಿದ, ಗೋಡೆ ನೋಡಿದ, ಮತ್ತೆ ಕೈ ನೋಡಿದ.

“ಏ ಪರಮಾನಂದಾ! ಇದನ್ನ ನೀ ಕುಣಸಾಕತ್ತೀಯೇನೋ?”

ಸುತ್ತಲಿನ ನೂರು ಮುಖಗಳು ಪರಮಾನಂದನ ಕಡೆ ತಿರುಗಿದವು. ಹದಿನೆಂಟು ವರ್ಷದಲ್ಲಿ ಅಷ್ಟು ಮುಖಗಳು ಅವನ ಕಡೆ ಒಮ್ಮೆಲೇ ತಿರುಗಿದ್ದಿಲ್ಲ. ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. “ಒಂದೀಟ ಹಿಂದ ಸರೀರಿ, ಗದ್ದಲ ಮಾಡಬ್ಯಾಡ್ರಿ,” ಎಂದ. ಅಷ್ಟು ಸಾಕಾಯಿತು.

ಮರುದಿನ ಸಂಜೆಯಿಂದ ಕಾರ್ಯಾಲಯದ ಗೇಟಿನ ಬಳಿ ಒಂದು ಕುರ್ಚಿ, ಕುರ್ಚಿಯ ಮೇಲೆ ಪರಮಾನಂದ, ಅವನ ಕೈಯಲ್ಲಿ ರಿಮೋಟು. ಸುಮ್ಮನೆ ಕೂರುವ ಮನುಷ್ಯನಲ್ಲ ಅವನು. ಯಾವ ಚಿತ್ರದ ಮೇಲೆ ಯಾವುದು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಕೈಗಡಿಯಾರ ನೋಡಿ ನೋಡಿ ಒಂದು ಲಗ್ನಪತ್ರಿಕೆಯ ಬೆನ್ನಿಗೆ ಬರೆದುಕೊಂಡ. ಹದಿನಾಲ್ಕು ಚಿತ್ರ, ಒಟ್ಟು ಇಪ್ಪತ್ತಮೂರು ನಿಮಿಷ, ಮತ್ತೆ ಮೊದಲಿನಿಂದ ನವಿಲು. ಕರೆಂಟು ಹೋಗಿ ಬಂದರೂ ಮೊದಲಿನಿಂದಲೇ ನವಿಲು. ಒಂದು ವಾರದಲ್ಲಿ ಎಲ್ಲವೂ ಬಾಯಿಪಾಠವಾಯಿತು. ಚಿತ್ರ ಬದಲಾಗುವುದಕ್ಕೆ ಸರಿಯಾಗಿ ಒಂದು ಕ್ಷಣ ಮೊದಲು ಅವನು ಕೈ ಚಾಚಿ ಗುಂಡಿ ಒತ್ತುತ್ತಿದ್ದ. ನೋಡಿದವರು ಬೆರಗಾಗುತ್ತಿದ್ದರು. ಮತ್ತೆ ನಾಲ್ಕು ದಿನ ಕಳೆದ ಮೇಲೆ ಅವನಿಗೇ ಒಂದು ಅನುಮಾನ ಶುರುವಾಯಿತು: ಒತ್ತದೆ ಇದ್ದರೆ ಬದಲಾಗುತ್ತದೋ ಇಲ್ಲವೋ? ಒತ್ತದೆ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಮುರ್ತುಜಾಸಾಬನದು ಮೊದಲ ಅರ್ಜಿ.

“ನಿನ್ನ ನವಿಲು ಯಾವಾಗಲೂ ಆ ಕಡಿ ಪಾನ್ ಅಂಗಡಿ ನೋಡ್ತೈತಿ. ನನ್ನ ಅಂಗಡಿ ಏನ್ ಪಾಪ ಮಾಡೈತೋ? ಒಂದಿಷ್ಟು ಇತ್ತಾಗ ಹೊರಳಸು.”

ಪರಮಾನಂದ ಗಡಿಯಾರ ನೋಡಿಕೊಂಡ. “ನವಿಲು ಜಿದ್ದಿ ಐತಿ, ಕೇಳೂದಿಲ್ಲ. ಗಿಳಿ ಹೊರಳಸ್ಲೇನು?”

“ಗಿಳಿನ ಆಗ್ಲಿ ಬಿಡು.”

ಪರಮಾನಂದ ಗುಂಡಿ ಒತ್ತಿದ. ಒಂಬತ್ತನೆಯ ಚಿತ್ರವಾದ ಗಿಳಿ ತಾನು ದಿನಾ ಬರುವಂತೆ ಬಂದು, ದಿನಾ ನೋಡುವಂತೆ ಬಲಕ್ಕೆ, ಮುರ್ತುಜಾಸಾಬನ ಅಂಗಡಿಯ ಕಡೆ ನೋಡಿತು. ಅಂದಿನಿಂದ ಪರಮಾನಂದನಿಗೆ ಆ ಅಂಗಡಿಯಲ್ಲಿ ಕೆನೆ ಹಾಕಿದ ಚಹಾ ಬರತೊಡಗಿತು.

ಎರಡನೆಯವನು ಠಾಣೆಯ ಹವಾಲ್ದಾರ. ಏಳು ಗಂಟೆಗೆ ಬರುವ ಗುಲ್ಬರ್ಗಾ ಬಸ್ಸು ನವಿಲಿನ ಎದುರಿಗೆ ನಿಂತುಬಿಡುತ್ತಿತ್ತು. ಪ್ರಯಾಣಿಕರೆಲ್ಲ ಒಂದೇ ಬದಿಯ ಕಿಟಕಿಗೆ ಬರುತ್ತಿದ್ದರು, ಬಸ್ಸು ಆ ಬದಿಗೆ ವಾಲುತ್ತಿತ್ತು, ಹಿಂದಿನ ಕಬ್ಬಿನ ಗಾಡಿಗಳು ಹೂವಿನ ಹಿಪ್ಪರಗಿಯತನಕ ಸಾಲು ನಿಲ್ಲುತ್ತಿದ್ದವು ಎಂಬುದು ಹವಾಲ್ದಾರನ ವರದಿ. ಅದರಲ್ಲಿ ಉತ್ಪ್ರೇಕ್ಷೆ ಇತ್ತು, ಗಾಡಿಗಳಿದ್ದದ್ದು ನಾಲ್ಕೇ.

“ಬಸ್ ಬರೂ ಟೈಮಿಗೆ ನವಿಲು ಬಂದ್ ಇರಬೇಕು. ಇಲ್ಲಾಂದ್ರ ಕೇಸ್ ಹಾಕ್ತೇನಿ.”

“ಯಾರ ಮ್ಯಾಲೆ ಸಾಹೇಬ್ರ?”

“ನವಿಲಿನ ಮ್ಯಾಲೆ ಹಾಕಾಕ ಬರ್ತೈತೇನು? ನಿನ್ನ ಮ್ಯಾಲೆ!”

ಪರಮಾನಂದ ಆ ಸಂಜೆ ಸ್ವಿಚ್ಚನ್ನು ಆರೂ ನಲವತ್ತೈದಕ್ಕೆ ಹಾಕಿದ. ಏಳಕ್ಕೆ ಬಸ್ಸು ಬಂದಾಗ ಗೋಡೆಯ ಮೇಲೆ ಬರೀ ಹಸಿರು ಗೆರೆಗಳು ಹರಿದಾಡುತ್ತಿದ್ದವು. ಬಸ್ಸು ನಿಲ್ಲದೆ ಹೋಯಿತು. ಹವಾಲ್ದಾರ ದೂರದಿಂದಲೇ ಅವನಿಗೆ ಅರ್ಧ ಸೆಲ್ಯೂಟು ಹೊಡೆದ. ಅದನ್ನು ಊರು ಪೂರ್ತಿ ನೋಡಿತು.

ಸುದ್ದಿ ಇಂಡಿಗೂ ಮುದ್ದೇಬಿಹಾಳಕ್ಕೂ ಹೋಯಿತು. ಹೋಗುತ್ತ ಹೋಗುತ್ತ ಬೆಳೆಯಿತು. ಹೂವಿನ ಹಿಪ್ಪರಗಿಯಿಂದ ಮೂವರು ಹಿರಿಯರು ಬಂದು, ಪರಮಾನಂದನ ಮುಂದೆ ಕೈ ಕಟ್ಟಿ ನಿಂತು, “ನಮ್ಮೂರಿಗೆ ಹಗಲೊತ್ತು ಮೂರು ಫೇಜ್ ಕರೆಂಟ್ ಬರವಲ್ದರಿ. ಒಂದೀಟ ಅದನ್ನೂ ನಮ್ಮ ಕಡಿ ತಿರುಗಿಸಿ ಪುಣ್ಯಾ ಕಟ್ಕೋರಿ,” ಎಂದು ಕೇಳಿದರು. ಅದು ತನ್ನ ಕೈಯಲ್ಲಿಲ್ಲ ಎಂದು ಅವನು ನಿಜವನ್ನೇ ಹೇಳಿದ. “ದೊಡ್ಡವರು ಹಿಂಗ ಅಂತಾರ,” ಎನ್ನುತ್ತ ಅವರು ಎರಡು ಕಲ್ಲಂಗಡಿ ಇಟ್ಟು ಹೋದರು.

ಮನೆಯಲ್ಲಿ ಮಾತ್ರ ಅವನ ಹೆಂಡತಿ ಸುಮಿತ್ರಾಬಾಯಿ ಬೇರೆಯೇ ಚಿಂತೆಯಲ್ಲಿದ್ದಳು.

“ರೀ, ರಿಮೋಟು ಎಲ್ಲೈತಿ? ಚಾನಲ್ ಬದಲಾಸಾಕ ಎದ್ದೆದ್ದು ನನ್ನ ಮೊಣಕಾಲು ಹೋದ್ವು.”

“ರಿಪೇರಿಗೆ ಕೊಟ್ಟೇನಿ.”

“ಸೆಲ್ ಹಾಕಾಕ ಎರಡು ತಿಂಗಳ ಬೇಕೇನ್ರಿ?”

“ವಿಜಾಪುರದಿಂದ ತರಸಬೇಕಂತ,” ಎಂದ ಪರಮಾನಂದ. ಇದು ಸುಳ್ಳು. ಮೊದಲೇ ಹೇಳಿದೆ, ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಹಾಗಾಗಿ ಹೇಳಿದ ಸುಳ್ಳು ಬಹಳ ಕೆಟ್ಟದಾಗಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಗೊಳಸಂಗಿಯಿಂದ ಸುಮಿತ್ರಾಬಾಯಿಯ ಅಣ್ಣ ನಾನಾಗೌಡ ಬಂದ. ಅವನ ಮಗಳು ವಿಜಯಲಕ್ಷ್ಮಿಗೆ ಬಸವನ ಬಾಗೇವಾಡಿಯ ಸಂಜೀವಕುಮಾರ ಎಂಬ ವರ ಗೊತ್ತಾಗಿದ್ದ. ಮದುವೆ ಏಪ್ರಿಲ್ ಕೊನೆಗೆ, ಇದೇ ಕಾರ್ಯಾಲಯದಲ್ಲಿ.

“ಮಾವನ ಕೈಯಾಗ ಇಷ್ಟು ದೊಡ್ಡ ವಿದ್ಯಾ ಇದ್ದಾಗ ನಮಗೇನ್ ಕಡಿಮಿ?” ಎಂದು ಅವನು ಪರಮಾನಂದನ ಬೆನ್ನು ತಟ್ಟಿದ. “ಬೀಗರು ಬಾಗಲಿಗೆ ಬಂದ ಕೂಡಲೆ ಗ್ವಾಡಿ ಮ್ಯಾಲೆ ಹುಡುಗ ಹುಡುಗಿ ಹೆಸರು ಮೂಡಬೇಕು. ವರನ ಸೋದರತ್ತಿ ವಿದ್ಯಾವತಿ ಅಂತ ಒಬ್ಬಾಕಿ ಅದಾಳ. ಭಾಳ ಬಿರಸು. ಆಕಿ ಬಾಯಿ ಮುಚ್ಚಬೇಕಂದ್ರ ಕಣ್ಣ ತುಂಬಬೇಕು.”

“ಆಗ್ಲಿ ಭಾವಾ,” ಎಂದ ಪರಮಾನಂದ. ಬೇರೆ ಏನೆನ್ನಲು ಸಾಧ್ಯವಿತ್ತು?

ಅವನು ಓಣಿಯ ತುದಿಗೆ ಹೋಗಿ ಅಮೀನುದ್ದೀನನಿಗೆ ಫೋನ್ ಹಚ್ಚಿದ. ಹೆಸರುಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಹೊಸ ಕಾರ್ಡಿಗೆ ತುಂಬಬೇಕು. ತುಂಬಿ ಸೊಲ್ಲಾಪುರದ ಬಸ್ಸಿನಲ್ಲಿ ಕಳಿಸುತ್ತೇನೆ, ಹಳೇ ಕಾರ್ಡು ತೆಗೆದು ಅದನ್ನು ಹಾಕಿದರೆ ಆಯಿತು ಎಂದ ಅವನು. ಹೇಳಿದ ಹಾಗೆಯೇ ಮದುವೆಗೆ ನಾಲ್ಕು ದಿನ ಮುಂಚೆ, ಪೇಪರಿನ ತುಣುಕಿನಲ್ಲಿ ಸುತ್ತಿದ ಪೊಟ್ಟಣ ಬಂತು. ಒಳಗೆ ಅಂಚೆಯ ಸ್ಟ್ಯಾಂಪಿನಷ್ಟು ಕಾರ್ಡು. ಪರಮಾನಂದ ಅದನ್ನು ಪೆಟ್ಟಿಗೆಗೆ ಹಾಕಿ ಸ್ವಿಚ್ ಒತ್ತಿದ. ನವಿಲು ಬಂತು, ಕಮಲ ಬಂತು. ಹೆಸರು ಕಟ್ಟಕಡೆಗೆ, ಹದಿನಾಲ್ಕನೆಯ ಚಿತ್ರದ ಜಾಗದಲ್ಲಿ ಬರುವುದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಗಿಳಿಯ ತನಕ ಬಂದು ಹೋಯಿತು. ಮೂರನೆಯ ದಿನ ನವಿಲಿನ ಕೊಕ್ಕು ಮೂಡುವಷ್ಟರಲ್ಲೇ ಹೋಯಿತು. ಬೇಸಿಗೆಯ ಕರೆಂಟು ಅದು. ಜನರೇಟರು ಇತ್ತು, ಆದರೆ ಮದುವೆ ಇಲ್ಲದ ದಿನ ಅದನ್ನು ಹಚ್ಚುವುದು ಸಾವಕಾರರ ಜಾಯಮಾನದಲ್ಲಿ ಇರಲಿಲ್ಲ. ಹೀಗಾಗಿ ಕೊನೆಯ ಚಿತ್ರವನ್ನು ಯಾರೂ ನೋಡಲಿಲ್ಲ.

ಮದುವೆಯ ಹಿಂದಿನ ಸಂಜೆ ಬೀಗರನ್ನು ಎದುರುಗೊಳ್ಳುವ ಹೊತ್ತು. ಜನರೇಟರು ಗುಡುಗುತ್ತಿತ್ತು. ಗೇಟಿನಲ್ಲಿ ಸಾವಕಾರ ಶ್ರೀಶೈಲಪ್ಪ ಹೊಸ ರುಮಾಲು ಸುತ್ತಿ ಗುಲಾಬಿ ನೀರಿನ ದಾನಿ ಹಿಡಿದು ನಿಂತಿದ್ದರು. ಅವರಿಗೆ ಅರವತ್ತೆರಡು ವರ್ಷ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಈ ವಿವರ ಇಲ್ಲಿ ಯಾಕೆ ಎಂದರೆ, ಇನ್ನು ಎರಡು ನಿಮಿಷದಲ್ಲಿ ಊರವರೆಲ್ಲ ಅದನ್ನೇ ಮಾತಾಡುವವರಿದ್ದರು.

ಬಾಗೇವಾಡಿಯ ಬೀಗರ ಗಾಡಿಗಳು ಬಂದು ನಿಂತವು. ವಿದ್ಯಾವತಿ ಮೊದಲು ಇಳಿದಳು, ವರ ಸಂಜೀವಕುಮಾರ ಆಮೇಲೆ ಇಳಿದ. ಪರಮಾನಂದ ಗಡಿಯಾರ ನೋಡಿ, ಎದ್ದು ನಿಂತು, ತೋಳು ಪೂರ್ತಿ ಚಾಚಿ ರಿಮೋಟು ಒತ್ತಿದ.

ಗೋಡೆ ಕತ್ತಲಾಯಿತು. ಕತ್ತಲಲ್ಲಿ ಒಂದೊಂದೇ ಅಕ್ಷರ ಗುಲಾಬಿ ಬಣ್ಣದಲ್ಲಿ ಮೂಡಿತು. ವಿ. ಜ. ಯ. ಲ. ಕ್ಷ್ಮಿ. ಜನ ಚಪ್ಪಾಳೆ ತಟ್ಟಿದರು. ನಾನಾಗೌಡ ಮೀಸೆ ಮುಟ್ಟಿಕೊಂಡ. ಹೆಸರು ಅಳಿಸಿ ಒಂದು ಕೆಂಪು ಹೃದಯ ಬಡಿಯಿತು. ಹೃದಯ ಹೋಗಿ ಮತ್ತೆ ಅಕ್ಷರಗಳು ಬಂದವು.

ಶ್ರೀ. ಶೈ. ಲ.

ಚಪ್ಪಾಳೆ ಅರ್ಧಕ್ಕೆ ನಿಂತಿತು. ವಾಲಗದವನೂ ನಿಲ್ಲಿಸಿದ. ಎಲ್ಲರೂ ಮೊದಲು ಗೋಡೆ ನೋಡಿದರು, ಆಮೇಲೆ ವರನನ್ನು ನೋಡಿದರು, ಆಮೇಲೆ ಮೆಲ್ಲಗೆ, ಗುಲಾಬಿ ನೀರು ಹಿಡಿದು ನಿಂತಿದ್ದ ಶ್ರೀಶೈಲಪ್ಪ ಸಾವಕಾರರ ಕಡೆ ತಿರುಗಿದರು.

“ನಾ ಅಲ್ರೆವ್ವಾ!” ಎಂದರು ಸಾವಕಾರರು. ಇನ್ನೂ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

ವಿದ್ಯಾವತಿ ಸೆರಗು ಸೊಂಟಕ್ಕೆ ಸಿಗಿಸಿದಳು. “ಯಾರವ ಶ್ರೀಶೈಲ?”

ನಾನಾಗೌಡನ ಮುಖ ಬೂದಿಯಾಯಿತು. “ಮಾವಾ, ಬದಲ್ ಮಾಡು! ಲಗೂನ ಬದಲ್ ಮಾಡು!” ಎಂದು ಪರಮಾನಂದನ ಭುಜ ಅಲುಗಿಸಿದ. ಪರಮಾನಂದ ರಿಮೋಟಿನ ಎಲ್ಲ ಗುಂಡಿಗಳನ್ನೂ ಒಂದಾದ ಮೇಲೊಂದು ಒತ್ತಿದ. ಧ್ವನಿ ಹೆಚ್ಚಿಸುವ ಗುಂಡಿಯನ್ನೂ ಒತ್ತಿದ. ಹೆಸರು ಅಳಿಸಿತು, ನವಿಲು ಬಂದು ಕುಣಿಯತೊಡಗಿತು. ಎಲ್ಲರೂ ಉಸಿರು ಬಿಟ್ಟರು. ಪರಮಾನಂದನೊಬ್ಬ ಬಿಡಲಿಲ್ಲ. ಇಪ್ಪತ್ತಮೂರು ನಿಮಿಷಕ್ಕೆ ಶ್ರೀಶೈಲ ಮತ್ತೆ ಬರುತ್ತಾನೆಂಬುದು ಅವನೊಬ್ಬನಿಗೇ ಗೊತ್ತಿತ್ತು.

“ಒಳಗ ಹೋಗಿ ಮೇನ್ ಸ್ವಿಚ್ ಆರಸ್ತೇನಿ,” ಎಂದು ಅವನು ಮೆಲ್ಲಗೆ ಜಾರಿದ. ವಿದ್ಯಾವತಿ ಅಡ್ಡ ನಿಂತಳು.

“ಯಾರೂ ಏನೂ ಮುಟ್ಟಬ್ಯಾಡ್ರಿ! ಅದು ಇನ್ನೂ ಏನೇನ್ ಹೇಳ್ತೈತೋ ಪೂರಾ ಹೇಳ್ಲಿ. ನಾ ಕೇಳೇ ಒಳಗ ಬರ್ತೇನಿ. ಕುರ್ಚಿ ತರ್ರಿ!”

ಕುರ್ಚಿಗಳು ಬಂದವು. ವಿದ್ಯಾವತಿ ಕೂತಳು, ಬೀಗರು ಕೂತರು, ಬೇರೆ ದಾರಿಯಿಲ್ಲದೆ ಹೆಣ್ಣಿನ ಕಡೆಯವರೂ ಕೂತರು. ಇನ್ನೂರು ಜನ ರಸ್ತೆಯಂಚಿಗೆ ಸಾಲಾಗಿ ಕೂತು ಗೋಡೆ ನೋಡತೊಡಗಿದರು. ಏಳರ ಬಸ್ಸು ಬಂದು ನಿಂತಿತು. ಅದನ್ನು ಸಾಗಹಾಕಲು ಬಂದ ಹವಾಲ್ದಾರ ವಿಷಯ ಕೇಳಿ, ತಾನೂ ಒಂದು ಕುರ್ಚಿ ಎಳೆದುಕೊಂಡ.

ಪರಮಾನಂದನಿಗೆ ಇನ್ನು ತಡೆಯಲಾಗಲಿಲ್ಲ. ವಿದ್ಯಾವತಿಯ ಮುಂದೆ ಹೋಗಿ ಕೈ ಮುಗಿದ.

“ಅಕ್ಕಾರ, ತಪ್ಪಾತರಿ. ನನಗ ಇದನ್ನ ನಡಸಾಕ ಬರೂದಿಲ್ರಿ. ಇದು ನಮ್ಮ ಮನಿ ಟಿವಿ ರಿಮೋಟರಿ. ಲೈಟು ತಾನ ನಡೀತೈತಿ.”

ವಿದ್ಯಾವತಿ ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು. “ಇಷ್ಟೊತ್ತನಾ ನಡಸಿದಿ. ಸಿಕ್ಕೊಂಡ ಮ್ಯಾಲೆ ತಾನ ನಡೀತೈತೇನು?”

“ಮುರ್ತುಜಾಸಾಬರನ್ನ ಕೇಳ್ರಿ ಬೇಕಾದ್ರ!”

ಮುರ್ತುಜಾಸಾಬ ಗೆಳೆಯನಿಗೆ ಸಹಾಯ ಮಾಡಲೆಂದೇ ಮುಂದೆ ಬಂದ. “ಸುಳ್ಳ ಅಕ್ಕಾರ, ಭಾಳ ಚಲೋ ನಡಸ್ತಾನ! ನಾ ಕೇಳಿದ್ದಕ್ಕ ಗಿಳಿನ್ನ ನನ್ನ ಅಂಗಡಿ ಕಡಿ ಹೊರಳಿಸ್ಯಾನ. ನನ್ನ ಕಣ್ಣಾರೆ ನೋಡೇನಿ.”

“ನನ್ನ ಮಾತಿಗೆ ದಿನಾ ಏಳಕ್ಕ ನವಿಲು ಬಂದ್ ಮಾಡ್ಯಾನ,” ಎಂದು ಹವಾಲ್ದಾರನೂ ಸಾಕ್ಷಿ ನುಡಿದ.

“ಕೇಳಿದ್ರ?” ಎಂದಳು ವಿದ್ಯಾವತಿ. “ಗಿಳಿ ಹೊರಳಸಾಕ ಬರ್ತೈತಿ, ಹೆಸರು ಬದಲ್ಸಾಕ ಬರೂದಿಲ್ಲ! ಆ ಶ್ರೀಶೈಲನ ಕಡಿಂದ ಇಂವಾ ಏನ್ ತಿಂದಾನ, ಮೊದಲು ಅದನ್ನ ಕೇಳ್ರಿ.”

ಸಾವಕಾರರು ಎರಡನೆಯ ಸಲ, “ನಾ ಅಲ್ರೆವ್ವಾ!” ಎಂದರು.

ಈ ಗದ್ದಲ ಕೇಳಿ ಒಳಗಿಂದ ಸುಮಿತ್ರಾಬಾಯಿ ಅರಿಶಿಣದ ಕೈಯಲ್ಲೇ ಹೊರಗೆ ಬಂದಳು. ಅವಳ ಕಣ್ಣಿಗೆ ಗೋಡೆ ಬೀಳಲಿಲ್ಲ, ಬೀಗರು ಬೀಳಲಿಲ್ಲ. ಗಂಡನ ಕೈಯಲ್ಲಿದ್ದ ರಿಮೋಟು ಬಿತ್ತು.

“ಅಯ್ಯ ಇದರ! ಎರಡು ತಿಂಗಳಾತು ದಾರಿ ಕಾಯಾಕತ್ತೇನಿ, ಇದು ನಿಮ್ಮ ಕೈಯಾಗ ಐತೇನ್ರಿ?”

ಅದನ್ನು ಕಿತ್ತುಕೊಂಡು, ಹಿಂದಿನ ಮುಚ್ಚಳಕ್ಕೆ ತಾನೇ ಹಚ್ಚಿದ್ದ, ಗಾಯಕ್ಕೆ ಅಂಟಿಸುವ ಪಟ್ಟಿ ತೋರಿಸಿದಳು. ವಿದ್ಯಾವತಿ ಅದಕ್ಕೂ ಒಪ್ಪಲಿಲ್ಲ. ಆಗ ಸುಮಿತ್ರಾಬಾಯಿ ಕಾರ್ಯಾಲಯದ ಆಫೀಸಿನ ಬಾಗಿಲು ತೆರೆದು, ಅಲ್ಲಿದ್ದ ಟಿವಿಯ ಕಡೆ ರಿಮೋಟು ಹಿಡಿದು ಒತ್ತಿದಳು. ಸಿಂದಗಿಯ ಪೇಟೆಯಲ್ಲಿ ಆ ಕಾಲಕ್ಕೆ ಅರ್ಧ ಊರು ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ ಟಿವಿ ಕೊಂಡಿತ್ತು. ಪರದೆ ಹತ್ತಿತು. ಯಾರೋ ಒಬ್ಬಳು ಜೋಳದ ಸಂಡಿಗೆ ಮಾಡುವುದನ್ನು ಹೇಳಿಕೊಡುತ್ತಿದ್ದಳು. ಪರಮಾನಂದ ಹೊರಗೆ ಎಷ್ಟು ಒತ್ತಿದ್ದನೋ, ಅದರ ಧ್ವನಿ ಅಷ್ಟೂ ಏರಿ ಕೂತಿತ್ತೆಂದು ಆಮೇಲೆ ಜನ ಹೇಳಿದರು. ಅದನ್ನು ನಂಬಬೇಕಾಗಿಲ್ಲ.

ವಿದ್ಯಾವತಿ ಟಿವಿ ನೋಡಿದಳು, ರಿಮೋಟು ನೋಡಿದಳು, ಹೊರಗೆ ತಾನಾಗಿಯೇ ಕುಣಿಯುತ್ತಿದ್ದ ನವಿಲನ್ನು ನೋಡಿದಳು. ಅವಳ ಸಿಟ್ಟಿನೊಳಗೆ ಒಂದು ಹೊಸ ಪ್ರಶ್ನೆ ಮೂಡಿತು.

“ಹಂಗಾರ ಅದನ್ನ ಕುಣಸೋರು ಯಾರು?”

ಅದು ಇನ್ನೂರು ಜನರ ಪ್ರಶ್ನೆಯೂ ಆಗಿತ್ತು. ಪರಮಾನಂದ ಮುಂದೆ ನಡೆದ, ವಿದ್ಯಾವತಿ ಹಿಂದೆ, ಉಳಿದವರು ಅವಳ ಹಿಂದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾಲ್ಕು ಜನ ಹಿಡಿಸುತ್ತಿದ್ದರು. ಹನ್ನೊಂದು ಜನ ಹೊಕ್ಕರು. ಕತ್ತಲಲ್ಲಿ ಪೆಟ್ಟಿಗೆಯ ಹಸಿರು ದೀಪ ಮಿಣಿಮಿಣಿ ಎನ್ನುತ್ತಿತ್ತು.

“ಇಷ್ಟ?” ಎಂದಳು ವಿದ್ಯಾವತಿ.

“ಇಷ್ಟರಿ,” ಎಂದ ಪರಮಾನಂದ.

ವಧುವಿನ ಗೆಳತಿ ಜಾಸ್ಮಿನ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಅವಳು ಜನರ ನಡುವೆ ನುಸುಳಿ ಬಂದು ಪೆಟ್ಟಿಗೆಗೆ ಸಿಕ್ಕಿಸಿದ್ದ ಕಾರ್ಡನ್ನು ತೋರಿಸಿದಳು. “ಇದರಾಗ ಏನ್ ತುಂಬ್ಯಾರೋ ಅದನ್ನಷ್ಟ ಹೇಳ್ತೈತ್ರಿ ಅತ್ತಿ. ನೀವು ಬಂದದ್ದೂ ಇದಕ್ಕ ಗೊತ್ತಿಲ್ಲ, ಯಾರ ಮದುವಿ ಅಂತನೂ ಗೊತ್ತಿಲ್ಲ. ತುಂಬಿದವರನ್ನ ಕೇಳಬೇಕು.”

ಪರಮಾನಂದ ಅಮೀನುದ್ದೀನನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಬಂದ ಮಾತು ಇಷ್ಟು: ಅವನು ಇಂಡಿಯ ಒಂದು ಕಾರ್ಯಾಲಯಕ್ಕೂ ಇಂಥದೇ ಲೈಟು ಹಾಕಿದ್ದ. ಅಲ್ಲಿಯೂ ನಾಳೆಯೇ ಮದುವೆ, ಅಲ್ಲಿನ ವಧುವೂ ವಿಜಯಲಕ್ಷ್ಮಿ, ಆದರೆ ವರ ಶ್ರೀಶೈಲ. ಎರಡು ಪೊಟ್ಟಣ ಒಂದೇ ಬಸ್ಸಿಗೆ ಹಾಕಿದ್ದ. ಮೇಲೆ ಊರ ಹೆಸರು ಬರೆಯುವುದನ್ನು ಮರೆತಿದ್ದ.

“ಕಾಕಾ, ಇಂಡಿಯವರೂ ಈಗ ಫೋನ್ ಮಾಡಿದ್ರು. ಅಲ್ಲಿ ‘ಸಂಜೀವಕುಮಾರ ಯಾರು’ ಅಂತ ಬಡದಾಡಾಕತ್ಯಾರ,” ಎಂದು ಅವನು ಅಳುವ ದನಿಯಲ್ಲಿ ಹೇಳಿದ. ಜಾಸ್ಮಿನ ಸ್ಪೀಕರ್ ಹಾಕಿದ್ದರಿಂದ ಹನ್ನೊಂದು ಜನರೂ ಕೇಳಿಸಿಕೊಂಡರು.

ವಿದ್ಯಾವತಿಯ ಮುಖದ ಬಿಗುವು ಸಡಿಲಿತು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. “ಇಂಡಿಯಾಗೂ ನನ್ನಂಥಾಕಿ ಒಬ್ಬಾಕಿ ಕುರ್ಚಿ ಹಾಕ್ಕೊಂಡು ಕುಂತಿರಬೇಕು!” ಎಂದು ಅವಳು ನಕ್ಕಿದ್ದೇ ತಡ, ನಾನಾಗೌಡನ ಕಣ್ಣಲ್ಲಿ ನೀರು ಬಂತು. ಅದು ನಗೆಯ ನೀರಂತೂ ಆಗಿರಲಿಲ್ಲ.

“ಆದ್ರ ಅದು ಮತ್ತ ಶ್ರೀಶೈಲ ಅಂತೈತಲ್ಲ? ಹೊರಗ ಅಷ್ಟು ಮಂದಿ ಕುಂತೈತಿ. ಆರಿಸಿದ್ರೂ, ಹಳೇ ಕಾರ್ಡ್ ಹಾಕಿದ್ರೂ ಏನೋ ಮುಚ್ಚಾಕತ್ತಾರ ಅಂತಾರ,” ಎಂದ ನಾನಾಗೌಡ.

“ಕಾರ್ಡ್ ಕಿತ್ತರ ಕೆಂಪು ಹತ್ತೈತಿ. ಗ್ವಾಡಿ ಮ್ಯಾಲೆ ಆ ಹೊತ್ತಿಗೆ ಏನಿರ್ತೈತೋ ಅದು ಹಂಗ ನಿಂದ್ರತೈತಿ,” ಎಂದ ಫೋನಿನಲ್ಲಿ ಅಮೀನುದ್ದೀನ.

ಪರಮಾನಂದ ಗಡಿಯಾರ ನೋಡಿದ. ಇನ್ನು ಮೂರು ನಿಮಿಷ. ಅವನ ತಲೆಯಲ್ಲಿ ಏನೋ ಹೊಳೆಯಿತು.

“ಜಾಸ್ಮಿನ, ನೀ ಕಾರ್ಡ್ ಹಿಡ್ಕೊಂಡು ಇಲ್ಲೇ ಕೂಡು. ನಾ ಹೊರಗ ನಿಂತು ಕೂಗ್ತೇನಿ. ಕೂಗಿದ ಕೂಡಲೆ ಎಳದುಬಿಡು. ಒಂದು ಕ್ಷಣ ಮೊದಲೂ ಬ್ಯಾಡ, ತಡಾನೂ ಬ್ಯಾಡ.”

ಅವನು ಹೊರಗೆ ಓಡಿ ರಸ್ತೆಯ ನಡುವೆ ನಿಂತ. ಕೈಯಲ್ಲಿ ಈ ಸಲ ಏನೂ ಇರಲಿಲ್ಲ. ಗೋಡೆ ಕತ್ತಲಾಯಿತು. ವಿಜಯಲಕ್ಷ್ಮಿ ಮೂಡಿ ಅಳಿಸಿತು. ಹೃದಯ ಬಡಿದು ಹೋಯಿತು. ಮೊದಲ ಅಕ್ಷರ ಹತ್ತಿತು.

“ಎಳೀ!”

ಗೋಡೆ ನಿಂತಿತು. ಎರಡಾಳೆತ್ತರದ ಗುಲಾಬಿ ಬಣ್ಣದ ಒಂದೇ ಅಕ್ಷರ, ‘ಶ್ರೀ’. ಅದರ ಪಕ್ಕದಲ್ಲಿ ಏನೂ ಬರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜ ಎದ್ದು ಕೈ ಮುಗಿದ. ನೋಡಿ ಉಳಿದವರೂ ಮುಗಿದರು. ವಾಲಗದವನು ಊದತೊಡಗಿದ. ಸಾವಕಾರರು ಅವಸರದಲ್ಲಿ ಗುಲಾಬಿ ನೀರು ಚಿಮುಕಿಸಿದರು. ಬೀಗರಿಗಿಂತ ಹೆಚ್ಚು ಅವರ ಮೇಲೆಯೇ ಬಿತ್ತು. ಬಸ್ಸು ಹೊರಟಿತು. ಮದುವೆ ಮುಗಿಯುವತನಕ ಆ ಅಕ್ಷರ ಹಾಗೆಯೇ ಉರಿಯಿತು.

ಅದೇ ಉಪಾಯವನ್ನು ಫೋನಿನಲ್ಲಿ ಇಂಡಿಗೂ ಹೇಳಿಕೊಟ್ಟರು. ಅಲ್ಲಿ ವಧುವಿನ ಹೆಸರು ಪೂರ್ತಿ ಮೂಡಿದಾಗ ಎಳೆಯಬೇಕಿತ್ತು, ಎಳೆಯುವವನು ಅವಸರ ಮಾಡಿ ಅರ್ಧಕ್ಕೇ ಎಳೆದನಂತೆ. ಗೋಡೆಯ ಮೇಲೆ ‘ವಿಜಯ’ ಎಂದು ನಿಂತಿತಂತೆ. ಯಾರ ವಿಜಯವೆಂದು ಇಂಡಿಯವರು ಜಗಳಾಡಲಿಲ್ಲ.

ಮದುವೆಯಾದ ಮೂರನೆಯ ದಿನ ಸಾವಕಾರರು ಪರಮಾನಂದನನ್ನು ಕರೆಸಿದರು. ಪರಮಾನಂದ ಕೀಲಿಕೈ ಗೊಂಚಲನ್ನು ತಾನಾಗಿಯೇ ಮೇಜಿನ ಮೇಲಿಟ್ಟ.

“ಯಾಕಿದು?” ಎಂದರು ಸಾವಕಾರರು.

“ಪೆಟ್ಟಿಗಿ ತಾನ ನಡೀತೈತ್ರಿ. ಊರಿಗೆಲ್ಲ ಗೊತ್ತಾತು. ಇನ್ನ ನನ್ನ ಕೆಲಸ ಏನೈತ್ರಿ?”

“ತಾನ ನಡೀತೈತಿ ಅಂತನ ಅಲ್ಲೇನೋ ನನಗ ಈ ವಯಸ್ಸಿನ್ಯಾಗ ಮದುವಿ ಮಾಡಸಾಕ ಹೊಂಟಿತ್ತು!” ಎಂದು ಸಾವಕಾರರು ಗೊಂಚಲನ್ನು ಅವನ ಕಡೆ ನೂಕಿದರು. “ನಡಸಾಕ ಪೆಟ್ಟಿಗಿ ಇರ್ಲಿ. ಅದು ಏನ್ ಮಾತಾಡ್ತೈತಿ ಅಂತ ನೋಡಾಕ ಮನುಷ್ಯ ಬೇಕು. ಇನ್ನ ಮ್ಯಾಲೆ ಯಾವ ಕಾರ್ಡ್ ಬಂದ್ರೂ ಕಡೀತನಕ ನೋಡಿ ಹಾಕು. ಬೇಕಾದ್ರ ಜನರೇಟರ್ ಹಚ್ಚು.”

ಮದುವೆ ಇಲ್ಲದ ದಿನ ಜನರೇಟರ್ ಹಚ್ಚಲು ಅವರು ಒಪ್ಪಿದ್ದು ಅದೇ ಮೊದಲು.

ಪರಮಾನಂದ ಕೊಟ್ಟ ಕೆಲಸವನ್ನು ನಿಷ್ಠೆಯಿಂದ ಮಾಡಿದ. ಆದರೆ ಒಂದು ಸಲ ಪೆಟ್ಟಿಗೆಯ ಒಳಗನ್ನು ಕಂಡವನಿಗೆ ಹೊರಗೆ ಕೂತು ನೋಡುವುದಷ್ಟೇ ಸಾಕಾಗಲಿಲ್ಲ. ಮಳೆಗಾಲ ಬಂದು ಮದುವೆಗಳು ನಿಂತಾಗ ಅವನು ಜಾಸ್ಮಿನಳ ಕ್ಲಾಸಿಗೆ ಹೋಗಿ, ಹತ್ತನೇ ತರಗತಿ ಮುಗಿಸಿದ ಹುಡುಗಿಯರ ನಡುವೆ ಹಿಂದಿನ ಬೆಂಚಿನಲ್ಲಿ ಕೂತ. ಅಮೀನುದ್ದೀನ ಪ್ರಾಯಶ್ಚಿತ್ತಕ್ಕೆಂದು ಚಿತ್ರ ತುಂಬುವ ಪ್ರೋಗ್ರಾಮನ್ನು ಪುಕ್ಕಟೆ ಕಳಿಸಿದ್ದ. ಪರಮಾನಂದ ಮೊದಲು ಲೆಕ್ಕದ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕಿ ತುಂಬುತ್ತಿದ್ದ, ಆಮೇಲೆ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದ. ಮೌಸು ಹಿಡಿಯಲು ಹನ್ನೆರಡು ದಿನ ಬೇಕಾಯಿತು. ನಡೆಯುವ ಒಂದು ಎತ್ತು ಬಿಡಿಸಲು ಮೂರು ತಿಂಗಳು.

ನವೆಂಬರಿನ ಒಂದು ಸಂಜೆ ಅವನು ಕಾರ್ಡು ಹಾಕಿ, ಹಸಿರು ದೀಪ ನೋಡಿಕೊಂಡು, ಹೊರಗೆ ಬಂದು ಜನರ ನಡುವೆ ನಿಂತ. ಗೋಡೆಯ ಮೇಲೆ ಬಿಳಿಯ ಪ್ರಾಣಿಯೊಂದು ನಾಲ್ಕು ಕಾಲನ್ನೂ ಒಂದೊಂದು ಥರ ಎತ್ತಿಡುತ್ತ ಎಡದಿಂದ ಬಲಕ್ಕೆ ಹೋಯಿತು.

“ಕತ್ತೆ ಇರಬೇಕು,” ಎಂದ ಹವಾಲ್ದಾರ.

“ಕಿವಿ ನೋಡ್ರಿ ಸಾಹೇಬ್ರ, ಮೊಲ,” ಎಂದ ಯಾರೋ ಒಬ್ಬ.

“ಮೊಲಕ್ಕ ಕೋಡು ಎಲ್ಲಿ ಬಂತೋ? ಇದು ಆಡು,” ಎಂದ ಮುರ್ತುಜಾಸಾಬ. “ಯಾರೋ ಮಾಡಿದವ? ಅವನ ಕೈ ಮುರೀಲಿ!”

“ನಾನ ಮಾಡೇನಿ,” ಎಂದ ಪರಮಾನಂದ. “ಎತ್ತು ಅದು.”

ಎಲ್ಲರೂ ಅವನ ಕಡೆ ತಿರುಗಿದರು. ಮುರ್ತುಜಾಸಾಬ ಅವನ ಹೆಗಲ ಮೇಲೆ ಕೈಯಿಟ್ಟು, ಸಮಾಧಾನ ಹೇಳುವವನ ಹಾಗೆ ಅಂದ: “ಪರಮಾನಂದಾ, ಇನ್ನೊಮ್ಮೆ ನಮ್ಮನ್ನ ಮಳ್ಳ ಮಾಡಬ್ಯಾಡೋ. ಅದು ತಾನ ನಡೀತೈತಿ ಅಂತ ಊರಿಗೆ ಊರ ನೋಡೇತಿ.”

ಪರಮಾನಂದ ಸ್ವಲ್ಪ ಹೊತ್ತು ವಾದಿಸಿದ. ಚೌಕುಳಿ ಹಾಳೆ ತೋರಿಸಿದ. ಯಾರೂ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಕ್ಲಾಸಿನ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ.

“ಜಾಸ್ಮಿನ, ಕಿವಿ ಎರಡೆರಡು ಚುಕ್ಕಿ ಹೆಚ್ಚಾಗ್ಯಾವ,” ಎಂದ. “ಅವನ್ನ ತಗದು ಕೋಡಿಗೆ ಹಚ್ಚೂಣು.”